ಬಾವಿಯ ತ್ರಿಜ್ಯವನ್ನು ಕಂಡುಹಿಡಿಯುವ ಕ್ರಮ

ಹಳೆಯ ಬಾವಿಗಳ ಹೂಳನ್ನು ತೆಗೆಯಿಸುವಾಗಲೂ ಹೊಸ ಬಾವಿಗಳನ್ನು ತೋಡಿಸುವಾಗಲೂ ಕೂಲಿಯನ್ನು ಘನ ಅಡಿಗಳ ಲೆಕ್ಕದ ಮೇಲೆ ಗೊತ್ತುಮಾಡುವುದುಂಟು. ದುಂಡು ಬಾವಿಯಲ್ಲಿ ಈ ಲೆಕ್ಕಕ್ಕೆ ಆಳದೊಡನೆ ತ್ರಿಜ್ಯವೇ ಆಧಾರವಾಗಿರುತ್ತದೆ. ವೃತ್ತದ ಕೇಂದ್ರದಿಂದ ಅಂಚಿನವರೆಗಿರುವ ದೂರಕ್ಕೆ ತ್ರಿಜ್ಯವೆಂದೂ, ಅದರ ಎರಡರಷ್ಟಕ್ಕೆ ವ್ಯಾಸವೆಂದೂ, ಸುತ್ತಳತೆಗೆ ಪರಿಧಿಯೆಂದೂ ಹೆಸರು. ವಿಸ್ತೀರ್ಣವನ್ನು ತರುವಾಗ ತ್ರಿಜ್ಯವನ್ನು ತ್ರಿಜ್ಯದಿಂದಲೇ ಗುಣಿಸಬೇಕಾದುದರಿಂದ, ತ್ರಿಜ್ಯವನ್ನು ನೂರಕ್ಕೆ ಐದರಂತೆ ಹೆಚ್ಚಾಗಿ ಹಿಡಿದರೆ ಕೊಡತಕ್ಕ ಹಣವು ನೂರಕ್ಕೆ ಹತ್ತನ್ನೂ ಮೀರಿ ಹೆಚ್ಚುವುದು. ಆದರೆ ಬಾವಿಯ ಕೇಂದ್ರವು ಬಯಲಿನಲ್ಲಿರುವುದರಿಂದ ಅಲ್ಲಿ ಅಳತೆಗೋಲನ್ನು ಊರುವುದಾಗದು. ಆದಕಾರಣ ಅಂಚಿನಲ್ಲಿ ನಿಂತೇ ತ್ರಿಜ್ಯವನ್ನು ತಿಳಿಯುವ ಕ್ರಮಗಳು ಗ್ರಾಮದ ಮುಖ್ಯಸ್ಥರಿಗೂ ಜಮೀನಿನ ಒಡೆಯರಿಗೂ ಗೊತ್ತಿರತಕ್ಕವು.

1. ಸುತ್ತಳತೆಯಿಂದ

ಕಟ್ಟಡದ ಗೋಡೆಯು ಸುತ್ತಲೂ ಗಟ್ಟಿಯಾಗಿದ್ದರೆ, ಹಿಗ್ಗದಿರುವ ಹಗ್ಗವನ್ನು ಹೊರಮೈಗೆ ಸುತ್ತಿ ಅಳೆಯತಕ್ಕದ್ದು. ಬಂದ ಪರಿಧಿಯನ್ನು 7ರಿಂದ ಗುಣಿಸಿ 44ರಿಂದ ಭಾಗಿಸಿದರೆ ತ್ರಿಜ್ಯವು ಬರುವುದು. ವ್ಯಾಸಕ್ಕೆ 7 ಇದ್ದರೆ ಪರಿಧಿಗೆ 22 ಎಂಬ ಪ್ರಮಾಣವು ಸ್ಥೂಲವಾದರೂ ವ್ಯವಹಾರಕ್ಕೆ ಯೋಗ್ಯವೆಂದು ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ಹೇಳಿರುವರು.

ಉದಾಹರಣೆ: ಹೊರಸುತ್ತು 66 ಅಡಿ. 66ನ್ನು 7ರಿಂದ ಗುಣಿಸಲು 462. ಅದನ್ನು 44ರಿಂದ ಭಾಗಿಸಲು 10½ ಅಡಿ. ಇದು ಹೊರಮೈಯ ತ್ರಿಜ್ಯ. ಗೋಡೆಯ ದಪ್ಪ 1½ ಅಡಿಯಾಗಿದ್ದರೆ ಒಳಮೈಯ ತ್ರಿಜ್ಯವು 9 ಅಡಿ ಮಾತ್ರ.

ಇಲ್ಲಿಯೇ ವಿವಾದಗಳು ಹುಟ್ಟುವುವು. ಹೊಸದಾಗಿ ತೋಡಿದ ಮಣ್ಣಿಗೆ ಹೊರಮೈಯ ತ್ರಿಜ್ಯವನ್ನೂ, ಕಟ್ಟಿದ ಬಾವಿಯಿಂದ ತೆಗೆದ ಹೂಳಿಗೆ ಒಳಮೈಯ ತ್ರಿಜ್ಯವನ್ನೂ ಹಿಡಿಯುವುದು ನ್ಯಾಯ. 9 ಅಡಿಯ ತ್ರಿಜ್ಯಕ್ಕೆ ಒಂದಡಿ ಆಳದ ಹೂಳು ಸುಮಾರು 254½ ಘನ ಅಡಿ. 10½ ಅಡಿಯ ತ್ರಿಜ್ಯಕ್ಕೆ 346½ ಘನ ಅಡಿ. ನಾಲ್ಕಡಿ ಹೂಳನ್ನು ತೆಗೆಯಿಸಿದವನು ಹೊರಮೈಯನ್ನು ಹಿಡಿದು ಲೆಕ್ಕ ಮಾಡಿದರೆ, ತೆಗೆಯದೆ ಇರುವ ಸುಮಾರು 368 ಘನ ಅಡಿಗೆ ಕೂಲಿಯನ್ನು ತೆರುವನು. ತೋಡಿದ ಮಣ್ಣಿಗೆ ಒಳಮೈಯನ್ನು ಹಿಡಿದರೆ ನಷ್ಟವು ಕೂಲಿಯವನ ಪಾಲಿಗೆ ಬೀಳುವುದು.

2. ಉಳಿದಿರುವ ಕಂಸದಿಂದ

ಗೋಡೆಯು ಕುಸಿದು ಒಂದು ಭಾಗ ಮಾತ್ರ ಉಳಿದಿದ್ದರೆ ಹಗ್ಗವನ್ನು ಸುತ್ತುವುದು ಸಾಧ್ಯವಿಲ್ಲ. ಆಗ ಉಳಿದ ಭಾಗವನ್ನು ಬಿಲ್ಲೆಂದು ಭಾವಿಸತಕ್ಕದ್ದು. ಒಳ ಅಂಚಿನ ಎರಡು ಬಿಂದುಗಳ ನಡುವೆ ಬಿಗಿದ ಹಗ್ಗವು ಬಿಲ್ಲಿನ ಹೆದೆಯಂತಿರುವುದರಿಂದ ಅದಕ್ಕೆ ಜ್ಯಾ ಎಂದೂ, ಹಗ್ಗದ ನಡುವಿನಿಂದ ನೇರವಾಗಿ ಗೋಡೆಯವರೆಗಿರುವ ದೂರಕ್ಕೆ ಬಾಣದ ಹೋಲಿಕೆಯಿಂದ ಶರವೆಂದೂ ಹೆಸರು. ಅರ್ಧ ಜ್ಯಾವನ್ನು ಅದರಿಂದಲೇ ಗುಣಿಸಿ, ಶರದಿಂದ ಭಾಗಿಸಿ, ಬಂದುದಕ್ಕೆ ಶರವನ್ನು ಕೂಡಿಸಿದರೆ ವ್ಯಾಸವಾಗುವುದು. ಅದರ ಅರ್ಧವೇ ತ್ರಿಜ್ಯ.

ಉದಾಹರಣೆ: ಜ್ಯಾ 12 ಅಡಿ, ಶರ 2 ಅಡಿ. ಅರ್ಧ ಜ್ಯಾ 6, ಆರಾರಲ 36, 2ರಿಂದ ಭಾಗಿಸಲು 18, ಶರದ 2ನ್ನು ಕೂಡಿಸಲು ವ್ಯಾಸ 20 ಅಡಿ, ತ್ರಿಜ್ಯ 10 ಅಡಿ. ವೃತ್ತದೊಳಗೆ ಎರಡು ಗೆರೆಗಳು ಒಂದನ್ನೊಂದು ಕತ್ತರಿಸಿದರೆ, ಒಂದರ ಎರಡು ತುಂಡುಗಳ ಗುಣಲಬ್ಧವು ಇನ್ನೊಂದರ ತುಂಡುಗಳ ಗುಣಲಬ್ಧಕ್ಕೆ ಸಮನಾಗಿರುವುದೇ ಇದಕ್ಕೆ ಕಾರಣ. ಇಲ್ಲಿ 6 ಮತ್ತು 6ರ ಗುಣಲಬ್ಧವೂ 2 ಮತ್ತು 18ರ ಗುಣಲಬ್ಧವೂ 36 ಆಗಿರುವುದನ್ನು ನೋಡಬಹುದು.

ಹಗ್ಗವನ್ನು ಸಾಧ್ಯವಾದಷ್ಟು ಉದ್ದವಾಗಿ ಹಿಡಿಯತಕ್ಕದ್ದು. ಇದೇ ಬಾವಿಯಲ್ಲಿ ಜ್ಯಾವನ್ನು 4 ಅಡಿಯಷ್ಟೇ ಹಿಡಿದರೆ ಶರವು 2½ ಅಂಗುಲಕ್ಕೆ ಸಮೀಪವಾಗಿರುವುದು. ಅದನ್ನು 2 ಅಂಗುಲವೆಂದು ಓದಿದ ಮಾತ್ರಕ್ಕೆ ತ್ರಿಜ್ಯವು 12 ಅಡಿಯನ್ನು ದಾಟುವುದು.

3. ಕೇಂದ್ರವನ್ನು ಗುರುತಿಸುವುದು

ಹೂತುಹೋದ ಬಾವಿಯ ಮೇಲೆ ನೆಲವು ಸಮವಾಗಿದ್ದು ಅಂಚು ಮಾತ್ರ ಕಾಣುತ್ತಿದ್ದರೆ, ಬೇರೆ ಬೇರೆ ಕಡೆಗಳಲ್ಲಿ ಎರಡು ಜ್ಯಾಗಳನ್ನು ಹಾಕಿ, ಪ್ರತಿಯೊಂದರ ನಡುವಿನಿಂದಲೂ ಮೂಲೆಮಟ್ಟಕ್ಕೆ ಸರಿಯಾಗಿ ಒಳಕ್ಕೆ ಗೆರೆ ಎಳೆಯತಕ್ಕದ್ದು. ಅವು ಕೂಡುವ ಸ್ಥಳವೇ ಕೇಂದ್ರ. 3, 4, 5 ಅಡಿಗಳ ಬದಿಗಳುಳ್ಳ ಹಗ್ಗದ ತ್ರಿಕೋನದಿಂದ ಮೂಲೆಮಟ್ಟವು ಸಿಕ್ಕುವುದು.

ಯಾವ ಕ್ರಮವನ್ನನುಸರಿಸಿದರೂ ಮೂರು ಕಡೆಗಳಲ್ಲಿ ಅಳೆದು ನೋಡುವುದು ಮೇಲು. ಅಳತೆಗಳು ಒಂದಕ್ಕೊಂದು ಬಹಳ ಭೇದಿಸಿದರೆ ಬಾವಿಯು ಸರಿಯಾದ ದುಂಡಲ್ಲವೆಂದು ತಿಳಿಯತಕ್ಕದ್ದು. ಸಡಿಲವಾದ ಕಲ್ಲಿನ ಮೇಲೆ ನಿಂತು ಅಳೆಯಲಾಗದು. ಹಿಡಿದದ್ದು ಒಳಮೈಯೋ ಹೊರಮೈಯೋ ಎಂಬುದನ್ನೂ ತ್ರಿಜ್ಯವನ್ನೂ ಕೆಲಸಕ್ಕೆ ಮೊದಲೇ ಉಭಯ ಪಕ್ಷದವರ ಎದುರಿನಲ್ಲಿ ಬರೆದು ರುಜು ಹಾಕಿಸಿಟ್ಟರೆ, ಹಣವನ್ನು ಕೊಡುವ ದಿನ ಮಾತಿಗೆ ಮಾತು ಬೆಳೆಯುವ ಪ್ರಸಂಗವು ತಪ್ಪುವುದು.