ಹಸಿ ಆಹಾರ ಮತ್ತು ಸಹಜ ಆಹಾರ: ಮನೆಯವರಿಗೂ ಮನೆಯ ನಾಯಿಗೂ ಹಿತವಾದುದು ಯಾವುದು?

ಶರಣ ಪರಂಪರೆಯಲ್ಲಿ ಆಹಾರವು ಕೇವಲ ಹಸಿವಿನ ವಿಷಯವಲ್ಲ. ಅರ್ಪಿತವಾದ ಪದಾರ್ಥವು ಪ್ರಸಾದವಾಗುತ್ತದೆ. ಪ್ರಸಾದವನ್ನು ಸ್ವೀಕರಿಸುವ ಕಾಯವು ಕಾಯಕಕ್ಕೆ ಸಾಧನವಾಗುತ್ತದೆ. ಆದ್ದರಿಂದ ಏನನ್ನು, ಎಷ್ಟು, ಹೇಗೆ ಉಣ್ಣಬೇಕೆಂಬ ವಿವೇಕವು ನಮಗೆ ಆರೋಗ್ಯದ ನಿಯಮವೂ ಹೌದು, ಆಚಾರದ ಅಂಗವೂ ಹೌದು.

ಇಂದು ಅನೇಕ ಸದ್ಭಕ್ತರ ಮನೆಗಳಲ್ಲಿ ಒಂದು ಮಾತು ಹಬ್ಬಿದೆ. ಬೇಯಿಸಿದ ಆಹಾರವು ಸತ್ತ ಆಹಾರ, ಹಸಿಯಾದುದೇ ಜೀವಂತ ಆಹಾರ, ಪ್ರಾಣಿಗಳಾವುವೂ ಒಲೆ ಹಚ್ಚುವುದಿಲ್ಲವಾದ್ದರಿಂದ ನಮಗೂ ನಮ್ಮ ನಾಯಿಗೂ ಹಸಿಯಾದುದೇ ಸಹಜ ಎಂಬುದು ಅದರ ಸಾರ. ಇದನ್ನು ನಂಬಿ ಮಧುಮೇಹದ ಔಷಧಿಯನ್ನು ಬಿಡುವವರೂ ಉಂಟು, ಮಕ್ಕಳಿಗೆ ಕಾಯಿಸದ ಹಾಲನ್ನು ಕೊಡುವವರೂ ಉಂಟು, ನಾಯಿಗೆ ಹಸಿ ಮಾಂಸವನ್ನು ತಂದು ಹಾಕುವವರೂ ಉಂಟು. ಈ ಮಾತಿನಲ್ಲಿ ಸತ್ಯವೆಷ್ಟು, ಅಪಾಯವೆಷ್ಟು ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಈ ವಿಚಾರದ ಹಿನ್ನೆಲೆ

ಹಸಿ ಆಹಾರದ ಪ್ರತಿಪಾದನೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ವೈದ್ಯ ಮ್ಯಾಕ್ಸ್ ಬಿರ್ಷರ್-ಬೆನ್ನರ್ (1867–1939) ಅವರು ಜ್ಯೂರಿಕ್ ನಗರದಲ್ಲಿ ಆರೋಗ್ಯಧಾಮವೊಂದನ್ನು ನಡೆಸಿ, ಹಸಿ ಹಣ್ಣು, ಕಾಯಿಪಲ್ಯ ಮತ್ತು ನೆನೆಸಿದ ಧಾನ್ಯಗಳಿಂದ ರೋಗಿಗಳನ್ನು ಉಪಚರಿಸಿದರು. ಇಂದು ಪೇಟೆಯಲ್ಲಿ ದೊರೆಯುವ ‘ಮ್ಯೂಸ್ಲಿ’ ಅವರ ಕೊಡುಗೆ. ನಮ್ಮ ದೇಶದಲ್ಲಿ ಮಹಾತ್ಮಾ ಗಾಂಧೀಜಿಯವರು 1929ರಲ್ಲಿ ಬೆಂಕಿ ಸೋಕದ ಆಹಾರವನ್ನು ಸ್ವತಃ ಪ್ರಯೋಗಿಸಿ ನೋಡಿ, ಆರೋಗ್ಯ ಕೆಟ್ಟಾಗ ಅದನ್ನು ನಿಲ್ಲಿಸಿದರು. ಪ್ರಯೋಗದ ಫಲವನ್ನು ಮುಚ್ಚಿಡದೆ ಪತ್ರಿಕೆಯಲ್ಲಿ ಬರೆದದ್ದು ಅವರ ದೊಡ್ಡತನ.

ನಾಯಿಗಳ ವಿಷಯದಲ್ಲಿ ಕಥೆ ಬೇರೆ ದಾರಿಯಿಂದ ಬಂದಿತು. 1860ರ ದಶಕದಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ ವ್ಯಾಪಾರಿ ನಾಯಿ ಬಿಸ್ಕತ್ತುಗಳನ್ನು ಮಾರಾಟಕ್ಕೆ ತಂದನು. ಅಲ್ಲಿಂದ ಬೆಳೆದ ಉದ್ಯಮವು ಇಂದು ನಮ್ಮ ಜಿಲ್ಲಾ ಕೇಂದ್ರಗಳ ಅಂಗಡಿಗಳವರೆಗೂ ಬಂದಿದೆ. ಇದಕ್ಕೆ ಪ್ರತಿಯಾಗಿ ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಅವರು 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಾಯಿಗೆ ಹಸಿ ಮಾಂಸ, ಹಸಿ ಎಲುಬು ಮತ್ತು ಕಾಯಿಪಲ್ಯಗಳೇ ಯೋಗ್ಯವೆಂದು ವಾದಿಸಿದರು. ಕಾರ್ಖಾನೆಯ ಆಹಾರದ ಮೇಲಿನ ಅಸಮಾಧಾನವು ಈ ವಾದಗಳಿಗೆಲ್ಲ ಬಲ ಕೊಟ್ಟಿದೆ. ಆ ಅಸಮಾಧಾನವು ನ್ಯಾಯವಾದುದೇ. ಆದರೆ ಅದಕ್ಕೆ ಹುಡುಕಿದ ಪರಿಹಾರವೆಲ್ಲವೂ ನ್ಯಾಯವಾದುದಲ್ಲ.

ಸಹಜ ಬೇರೆ, ಹಸಿ ಬೇರೆ

ಬ್ರೆಜಿಲ್ ದೇಶದ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಸಂಗಡಿಗರು ಆಹಾರಗಳನ್ನು ಅವುಗಳ ಸಂಸ್ಕರಣೆಯ ಪ್ರಮಾಣಕ್ಕನುಸಾರವಾಗಿ 4 ವರ್ಗಗಳಾಗಿ ವಿಂಗಡಿಸಿದ್ದಾರೆ. ಧಾನ್ಯ, ಬೇಳೆ, ಕಾಯಿಪಲ್ಯ, ಹಣ್ಣು, ಹಾಲುಗಳು ಮೊದಲ ವರ್ಗ. ಎಣ್ಣೆ, ಬೆಲ್ಲ, ಉಪ್ಪುಗಳು ಎರಡನೆಯವು. ಇವೆರಡನ್ನೂ ಕೂಡಿಸಿ ಸಿದ್ಧಪಡಿಸಿದ ಸರಳ ಪದಾರ್ಥಗಳು ಮೂರನೆಯವು. ಅಡುಗೆಮನೆಯಲ್ಲಿ ಎಂದೂ ಕಾಣದ ಬಣ್ಣ, ಪರಿಮಳ, ರಾಸಾಯನಿಕಗಳನ್ನು ಸೇರಿಸಿ ಕಾರ್ಖಾನೆಯಲ್ಲಿ ರೂಪಿಸಿದ ಚಿಪ್ಸು, ತಂಪು ಪಾನೀಯ, ದಿಢೀರ್ ನೂಡಲ್ಸ್‌ಗಳು ನಾಲ್ಕನೆಯವು.

2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ಇರಿಸಿಕೊಂಡು, 2 ವಾರ ಅತಿಸಂಸ್ಕರಿತ ಆಹಾರವನ್ನೂ 2 ವಾರ ಸರಳ ಆಹಾರವನ್ನೂ ಬೇಕಾದಷ್ಟು ಉಣ್ಣಲು ಬಿಟ್ಟು ಪರೀಕ್ಷಿಸಿದರು. ಎರಡರಲ್ಲೂ ಬಡಿಸಿದ ಸಕ್ಕರೆ, ಕೊಬ್ಬು, ನಾರು ಸಮನಾಗಿದ್ದರೂ, ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ನಿತ್ಯವೂ ಸುಮಾರು 500 ಕ್ಯಾಲೊರಿ ಹೆಚ್ಚು ಉಂಡರು, ತೂಕವೂ ಏರಿತು. ಸರಳ ಆಹಾರದಲ್ಲಿ ಬೇಯಿಸಿದ ಅಡುಗೆಯೂ ಇತ್ತೆಂಬುದನ್ನು ಗಮನಿಸಬೇಕು. ದೂರವಿಡಬೇಕಾದುದು ಕಾರ್ಖಾನೆಯ ಅತಿಸಂಸ್ಕರಣೆಯೇ ಹೊರತು ಮನೆಯ ಒಲೆಯಲ್ಲ.

ನಮ್ಮ ಜೋಳದ ರೊಟ್ಟಿಯನ್ನೇ ನೋಡಿರಿ. ಜೋಳವನ್ನು ಬೀಸಿ, ಕುದಿವ ಎಸರಿನಲ್ಲಿ ಹಿಟ್ಟನ್ನು ನಾದಿ, ತಟ್ಟಿ, ಹಂಚಿನ ಮೇಲೆ ಸುಡುತ್ತೇವೆ. ಬೆಂಕಿ ಎರಡು ಸಲ ಸೋಕಿದರೂ ಅದು ಸಹಜ ಆಹಾರವೇ. ಅದೇ ಜೋಳದ ಹೆಸರು ಹೊತ್ತು, ಸಕ್ಕರೆ, ತಾಳೆ ಎಣ್ಣೆ, ಪರಿಮಳಗಳೊಡನೆ ಪೊಟ್ಟಣದಲ್ಲಿ ಬರುವ ಸಿರಿಧಾನ್ಯದ ಬಿಸ್ಕತ್ತು ಸಹಜ ಆಹಾರವಲ್ಲ.

ಬೆಂಕಿಯ ಉಪಕಾರ

ಬೇಯಿಸುವುದರಿಂದ ನಷ್ಟವೇ ಇಲ್ಲವೆಂದಲ್ಲ. ಸಿ ಜೀವಸತ್ವವೂ ಕೆಲವು ಬಿ ಜೀವಸತ್ವಗಳೂ ಶಾಖಕ್ಕೆ ನಶಿಸುತ್ತವೆ, ಬೇಯಿಸಿದ ನೀರಿನೊಡನೆ ಹರಿದೂ ಹೋಗುತ್ತವೆ. ಆದರೆ ಲಾಭಗಳು ದೊಡ್ಡವು. ಧಾನ್ಯದೊಳಗಿನ ಪಿಷ್ಟವು ನೀರು ಮತ್ತು ಶಾಖಗಳಿಂದ ಉಬ್ಬಿ ಸಡಿಲಗೊಂಡಾಗಲೇ ನಮ್ಮ ಜಠರಕ್ಕೆ ಸುಲಭವಾಗಿ ದಕ್ಕುತ್ತದೆ. ಟೊಮ್ಯಾಟೊದ ಲೈಕೊಪೀನ್ ಮತ್ತು ಗಜ್ಜರಿಯ ಬೀಟಾ ಕೆರೋಟಿನ್ ಎಂಬ ಸತ್ವಗಳು ಸ್ವಲ್ಪ ಎಣ್ಣೆಯಲ್ಲಿ ಬೆಂದಾಗ ದೇಹಕ್ಕೆ ಹೆಚ್ಚಾಗಿ ಸಲ್ಲುತ್ತವೆ. ರಾಜ್ಮಾ ಕಾಳಿನಲ್ಲಿರುವ ಒಂದು ವಿಷಾಂಶವು ವಾಂತಿಭೇದಿಯನ್ನುಂಟುಮಾಡುತ್ತದೆ. ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕುದಿಸಿ ಬೇಯಿಸಿದರೆ ಮಾತ್ರ ಅದು ಅಳಿಯುತ್ತದೆ. ಕಾಯಿಸದ ಹಾಲಿನಿಂದ ಕ್ಷಯವೂ ಬ್ರುಸೆಲ್ಲಾ ಜ್ವರವೂ ಹರಡುತ್ತವೆ. ಹಾಲನ್ನು ಕಾಯಿಸುವ ನಮ್ಮ ತಾಯಂದಿರ ರೂಢಿಯು ಇಂದಿಗೂ ಮನೆಯನ್ನು ಕಾಯುತ್ತಿದೆ.

ಹಸಿ ಆಹಾರವನ್ನಷ್ಟೇ ನೆಚ್ಚಿದವರ ಸ್ಥಿತಿಯನ್ನು ಜರ್ಮನಿಯ ಸಂಶೋಧಕರು ಅಭ್ಯಸಿಸಿ 1999ರಲ್ಲಿ ಪ್ರಕಟಿಸಿದರು. ದೇಹತೂಕವು ಬಹಳ ಇಳಿದಿತ್ತು. 45 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 30ರಷ್ಟು ಮಂದಿಗೆ ಮುಟ್ಟು ಅನಿಯಮಿತವಾಗಿತ್ತು ಅಥವಾ ನಿಂತೇ ಹೋಗಿತ್ತು. ಹಾಲು, ಮೊಸರುಗಳನ್ನೂ ಬಿಟ್ಟ ಸಸ್ಯಾಹಾರಿಗೆ ಬಿ12 ಜೀವಸತ್ವದ ಕೊರತೆಯೂ ಕೂಡಿಕೊಳ್ಳುತ್ತದೆ. ಅದು ದೀರ್ಘವಾದರೆ ನರಗಳಿಗೆ ಹಾನಿ. ಇನ್ಸುಲಿನ್ ಪಡೆಯುತ್ತಿರುವ ಮಧುಮೇಹಿಯು ಪಥ್ಯದ ಬಲದಿಂದಲೇ ಅದನ್ನು ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಹಸಿಯಾಗಿ ಉಣ್ಣಬೇಕಾದುದು

ಹಾಗೆಂದು ಹಸಿಯಾದುದನ್ನು ಬಿಡಬೇಕಿಲ್ಲ. ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತೆ, ಹಕ್ಕರಿಕೆ, ಮೂಲಂಗಿ, ಸವತೆ, ಗಜ್ಜರಿ, ಉಳ್ಳಾಗಡ್ಡಿಗಳನ್ನಿಡುವ ಉತ್ತರ ಕರ್ನಾಟಕದ ಕ್ರಮವೂ, ನೆನೆಸಿದ ಹೆಸರುಬೇಳೆಯ ಕೋಸಂಬರಿಯೂ ಹಸಿ ಮತ್ತು ಬೆಂದುದರ ಸಮತೋಲನವನ್ನು ಬಹುಕಾಲದ ಹಿಂದೆಯೇ ಕಂಡುಕೊಂಡಿವೆ. ಬೆಂಕಿಯಲ್ಲಿ ಕಳೆದುಹೋಗುವ ಸಿ ಜೀವಸತ್ವವನ್ನು ಹಸಿ ಸೊಪ್ಪು ಮತ್ತು ನಿಂಬೆರಸಗಳು ತುಂಬಿಕೊಡುತ್ತವೆ. ಅದೇ ಸತ್ವವು ಧಾನ್ಯ, ಬೇಳೆಗಳ ಕಬ್ಬಿಣವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ಕಾಯಿಪಲ್ಯಗಳನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅದರಲ್ಲೊಂದು ಭಾಗ ಹಸಿಯಾಗಿರಲಿ.

ಮೊಳಕೆ ಕಾಳುಗಳ ವಿಷಯದಲ್ಲಿ ಎಚ್ಚರ ಬೇಕು. ಮೊಳಕೆಯೊಡೆಯುವ ಬೆಚ್ಚಗಿನ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಗರ್ಭಿಣಿಯರು, ಎಳೆಮಕ್ಕಳು, ವೃದ್ಧರು, ರೋಗಿಗಳು ಅವನ್ನು ಬೇಯಿಸಿಯೇ ತಿನ್ನುವುದು ಲೇಸು.

ನಾಯಿಯು ತೋಳವಲ್ಲ

ನಾಯಿಯು ತೋಳದ ವಂಶದ್ದು, ಆದ್ದರಿಂದ ಹಸಿ ಮಾಂಸವೇ ಅದರ ಸಹಜ ಆಹಾರವೆಂಬ ವಾದವನ್ನು ಈಗ ಪರೀಕ್ಷಿಸೋಣ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಿಷ್ಟವನ್ನು ಜೀರ್ಣಿಸುವ ಕಿಣ್ವಕ್ಕೆ ಸಂಬಂಧಿಸಿದ ವಂಶವಾಹಿಯು ತೋಳದಲ್ಲಿ 2 ಪ್ರತಿಗಳಷ್ಟಿದ್ದರೆ, ನಾಯಿಗಳಲ್ಲಿ 4ರಿಂದ 30 ಪ್ರತಿಗಳವರೆಗೆ ಇದೆ. ಒಕ್ಕಲುತನದ ಮನುಷ್ಯನ ಜೊತೆ ಬದುಕಿ, ಅವನ ಬೇಯಿಸಿದ ಕಾಳುಕಡಿಗಳನ್ನು ಹಂಚಿಕೊಂಡು ನಾಯಿಯ ದೇಹವೇ ಮಾರ್ಪಟ್ಟಿದೆ. ನಮ್ಮ ಮುಧೋಳ ಸೀಮೆಯ ಬೇಟೆನಾಯಿಗಳು ರೈತರ ಮನೆಗಳಲ್ಲಿ ಜೋಳದ ನುಚ್ಚು, ರೊಟ್ಟಿ, ಹಾಲುಗಳನ್ನುಂಡು ಬೆಳೆದಿರುವುದು ಕಣ್ಣ ಮುಂದಿನ ನಿದರ್ಶನ.

ಹಸಿ ಮಾಂಸದ ಅಪಾಯವು ನಾಯಿಯಲ್ಲಿಗೇ ನಿಲ್ಲುವುದಿಲ್ಲ. ಅದರಲ್ಲಿರುವ ಸಾಲ್ಮೊನೆಲ್ಲಾ ಮುಂತಾದ ರೋಗಾಣುಗಳು ಶೀತಪೆಟ್ಟಿಗೆಯ ತಂಪಿಗೆ ಸಾಯುವುದಿಲ್ಲ. ನಾಯಿಯ ತಟ್ಟೆ, ಬಾಯಿ, ಮಲಗಳ ಮೂಲಕ ಮನೆಯವರನ್ನು ಮುಟ್ಟುತ್ತವೆ. ಇನ್ನೂ ಘೋರವಾದುದು ಹೈಡಾಟಿಡ್ ರೋಗ. ರೋಗಗ್ರಸ್ತ ಕುರಿ, ದನಗಳ ಹಸಿ ಯಕೃತ್ತು, ಶ್ವಾಸಕೋಶಗಳನ್ನು ತಿಂದ ನಾಯಿಯ ಕರುಳಿನಲ್ಲಿ ಒಂದು ಸಣ್ಣ ಲಾಡಿಹುಳು ಬೆಳೆಯುತ್ತದೆ. ನಾಯಿಯು ನೋಡಲು ಆರೋಗ್ಯವಾಗಿಯೇ ಇರುತ್ತದೆ. ಹುಳುವಿನ ಮೊಟ್ಟೆಗಳು ಮಲದೊಡನೆ ಮಣ್ಣಿಗೆ, ಮಣ್ಣಿನಿಂದ ಸೊಪ್ಪಿಗೆ, ತೊಳೆಯದ ಸೊಪ್ಪಿನಿಂದ ಮನುಷ್ಯನ ಹೊಟ್ಟೆಗೆ ಸೇರುತ್ತವೆ. ಅನಂತರ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆಗಳಾಗಿ ವರ್ಷಗಟ್ಟಲೆ ಬೆಳೆದು, ಕೊನೆಗೆ ಶಸ್ತ್ರಚಿಕಿತ್ಸೆಯವರೆಗೆ ತಲುಪಬಹುದು. ಹೀಗೆ ನಾಯಿಯ ಹಸಿ ಮಾಂಸವೂ ನಮ್ಮ ಹಸಿ ಸೊಪ್ಪೂ ಒಂದೇ ಸರಪಳಿಯ ಕೊಂಡಿಗಳಾಗುತ್ತವೆ. ಮನೆಯಲ್ಲಿ ಮಾಂಸವನ್ನು ಮುಟ್ಟದ ಕುಟುಂಬಕ್ಕೂ, ಬೀದಿಯಲ್ಲಿ ಸುತ್ತಿ ಕಸಾಯಿಖಾನೆಯ ತ್ಯಾಜ್ಯವನ್ನು ತಿಂದು ಬರುವ ನಾಯಿಯಿಂದ ಈ ಕಂಟಕ ತಪ್ಪಿದ್ದಲ್ಲ. ಅಮೆರಿಕದ ಪಶುವೈದ್ಯಕೀಯ ಸಂಘವು 2012ರಲ್ಲಿಯೇ ನಾಯಿ, ಬೆಕ್ಕುಗಳಿಗೆ ಹಸಿ ಮಾಂಸವನ್ನು ಕೊಡಬಾರದೆಂಬ ನಿಲುವನ್ನು ತಳೆದಿದೆ.

ನಾಯಿಗೆ ಮನೆಯ ಊಟ

ಹಾಗಾದರೆ ನಾವು ಉಂಡು ಉಳಿದುದನ್ನು ಹಾಕಿದರೆ ಸಾಕೆ? ಸಾಲದು. ಬರಿಯ ಹಾಲು ಅನ್ನ, ಮಜ್ಜಿಗೆ ಅನ್ನಗಳಿಂದ ನಾಯಿಗೆ ಬೇಕಾದಷ್ಟು ಪ್ರೋಟೀನು ದೊರೆಯುವುದಿಲ್ಲ. ಬೆಳೆಯುವ ಮರಿಗೆ ಸುಣ್ಣದಂಶವೂ ಡಿ ಜೀವಸತ್ವವೂ ಕಡಿಮೆಯಾದರೆ ಕಾಲುಗಳು ಬಾಗುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ನಾಯಿಗಳಿಗೆಂದು ಪ್ರಕಟವಾಗಿದ್ದ 200 ಮನೆಯಡುಗೆಯ ವಿಧಾನಗಳನ್ನು 2013ರಲ್ಲಿ ಪರಿಶೀಲಿಸಿದಾಗ, 190ರಲ್ಲಿ ಕನಿಷ್ಠ ಒಂದು ಅವಶ್ಯ ಪೋಷಕಾಂಶದ ಕೊರತೆ ಕಂಡುಬಂದಿತು. ಪ್ರೀತಿಯಿಂದ ಬಡಿಸಿದ ಮಾತ್ರಕ್ಕೆ ಊಟವು ಪೂರ್ಣವಾಗುವುದಿಲ್ಲ.

ನಾಯಿಯು ಮಿಶ್ರಾಹಾರಿ. ಜೋಳದ ನುಚ್ಚು ಅಥವಾ ಅನ್ನದೊಡನೆ ಚೆನ್ನಾಗಿ ಬೆಂದ ಬೇಳೆ, ಸೋಯಾ, ಪನೀರು, ಮೊಸರು, ಬೆಂದ ಗಜ್ಜರಿ, ಕುಂಬಳಗಳನ್ನು ಕೊಟ್ಟು, ಪಶುವೈದ್ಯರು ಸೂಚಿಸಿದ ಸುಣ್ಣದಂಶ ಮತ್ತು ಜೀವಸತ್ವಗಳನ್ನು ಸೇರಿಸಿ, ಸಸ್ಯಾಹಾರಿ ಮನೆಯಲ್ಲಿಯೂ ಪ್ರೌಢ ನಾಯಿಯನ್ನು ಸಾಕಬಹುದು. ಮರಿ, ಬಸಿರು ನಾಯಿ ಮತ್ತು ಹಾಲೂಡಿಸುವ ನಾಯಿಗಳ ವಿಷಯದಲ್ಲಿ ಪಶುವೈದ್ಯರನ್ನು ಕೇಳದೆ ಇದಕ್ಕೆ ತೊಡಗಬಾರದು. ‘ಸಂಪೂರ್ಣ ಮತ್ತು ಸಮತೋಲಿತ’ ಎಂದು ನಮೂದಿಸಿದ ಸಿದ್ಧ ಆಹಾರವೇ ಅವಕ್ಕೆ ಹೆಚ್ಚು ಭದ್ರವಾಗಬಹುದು. ದಿನಕ್ಕೊಂದು ಬಗೆಯನ್ನುಂಡು ಕೊರತೆಯನ್ನು ತುಂಬಿಕೊಳ್ಳುವ ಮನುಷ್ಯನ ನಿಯಮವು, ನಾವು ಹಾಕಿದ್ದನ್ನಷ್ಟೇ ತಿನ್ನುವ ಪ್ರಾಣಿಗೆ ಅನ್ವಯಿಸುವುದಿಲ್ಲ. ಬೆಕ್ಕಾದರೋ ಕಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಅಂಶವು ಆಹಾರದಲ್ಲಿ ಇಲ್ಲದಿದ್ದರೆ ಅದರ ಕಣ್ಣು, ಹೃದಯಗಳೆರಡೂ ಕೆಡುತ್ತವೆ. ನಮ್ಮ ವ್ರತವನ್ನು ಬೆಕ್ಕಿನ ಮೇಲೆ ಹೇರುವುದು ದಯೆಯೆನಿಸದು.

ನಮಗೆ ಅಮೃತವಾದ ಕೆಲವು ಪದಾರ್ಥಗಳು ನಾಯಿಗೆ ವಿಷ. ಉಳ್ಳಾಗಡ್ಡಿ, ಬೆಳ್ಳುಳ್ಳಿಗಳು ಹಸಿಯಾಗಿರಲಿ ಬೆಂದಿರಲಿ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಆದ್ದರಿಂದ ಒಗ್ಗರಣೆಯ ಸಾರನ್ನು ಹಾಕಬಾರದು. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡಗಳು ಸೋಲಬಹುದು. ವಿಜಯಪುರ, ಬಾಗಲಕೋಟೆ ಭಾಗದ ದ್ರಾಕ್ಷಿ ತೋಟಗಳಲ್ಲಿ ನಾಯಿ ಸಾಕಿದವರು ಇದನ್ನು ಮರೆಯಬಾರದು. ಚಾಕಲೇಟು ಮತ್ತು ಸಕ್ಕರೆರಹಿತ ತಿನಿಸುಗಳಲ್ಲಿ ಬಳಸುವ ಜೈಲಿಟಾಲ್ ಸಹ ಮಾರಕ.

ಅನುಸರಿಸಬೇಕಾದ ಕ್ರಮ

1. ಪೊಟ್ಟಣದ ತಿನಿಸುಗಳನ್ನು ಮೊದಲು ಕಡಿಮೆ ಮಾಡಬೇಕು; ಒಲೆಯನ್ನು ಆರಿಸಬೇಕಾಗಿಲ್ಲ.

2. ಪ್ರತಿ ಊಟದಲ್ಲಿ ಹಸಿ ಕಾಯಿಪಲ್ಯವೊಂದಿರಲಿ. ಸೊಪ್ಪನ್ನು ಬಿಡಿಸಿ, ಹರಿಯುವ ನೀರಿನಲ್ಲಿ ಎಲೆಎಲೆಯಾಗಿ ತೊಳೆಯಬೇಕು.

3. ಹಾಲನ್ನು ಕುದಿಸಿಯೇ ಬಳಸಬೇಕು. ಕಾಯಿಪಲ್ಯವನ್ನು ಕಡಿಮೆ ನೀರಿನಲ್ಲಿ, ಮುಚ್ಚಳವಿಟ್ಟು, ಸ್ವಲ್ಪ ಹೊತ್ತು ಬೇಯಿಸಬೇಕು.

4. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಇದರಲ್ಲೇ ಸೇರಿದೆ.

5. ವೈದ್ಯರನ್ನು ಕೇಳದೆ ಯಾವ ಪಥ್ಯದ ಹೆಸರಿನಲ್ಲಿಯೂ ಔಷಧಿಯನ್ನು ನಿಲ್ಲಿಸಬಾರದು.

6. ನಾಯಿಗೆ ಹಸಿ ಮಾಂಸವನ್ನಾಗಲಿ ಕಸಾಯಿಖಾನೆಯ ತ್ಯಾಜ್ಯವನ್ನಾಗಲಿ ಹಾಕಬಾರದು. ಬೇಯಿಸಿದ ಎಲುಬು ಸಿಬಿರಾಗಿ ಕರುಳಿಗೆ ಚುಚ್ಚುವುದರಿಂದ ಅದೂ ಬೇಡ.

7. ಪಶುವೈದ್ಯರು ಹೇಳಿದ ಅಂತರದಲ್ಲಿ ನಾಯಿಗೆ ಜಂತುನಾಶಕವನ್ನು ತಪ್ಪದೆ ಕೊಡಿಸಬೇಕು. ನಾಯಿಯನ್ನು ಮುಟ್ಟಿದ ಮೇಲೆ ಮಕ್ಕಳು ಸಾಬೂನಿನಿಂದ ಕೈ ತೊಳೆದೇ ಊಟಕ್ಕೆ ಕೂಡಬೇಕು.

ಮಠಗಳ ದಾಸೋಹದಲ್ಲಿ ನಿತ್ಯವೂ ಬೇಯುವ ಅನ್ನ, ಮುದ್ದೆ, ರೊಟ್ಟಿ, ಸಾರುಗಳು ಸಾವಿರಾರು ಮಕ್ಕಳನ್ನು ಸಾಕಿ ಬೆಳೆಸಿವೆ. ಆ ಒಲೆಯ ಬೆಂಕಿಯನ್ನು ಸಾವಿನ ಬೆಂಕಿಯೆಂದು ಕರೆಯುವ ಮಾತಿಗೆ ನಾವು ಕಿವಿಗೊಡಬೇಕಾಗಿಲ್ಲ. ನೆಲ ಕೊಟ್ಟುದನ್ನು ಹೆಚ್ಚು ಕೆಡಿಸದೆ, ಬೇಯಬೇಕಾದುದನ್ನು ಬೇಯಿಸಿ, ಹಸಿಯಾಗಿ ಸಲ್ಲುವುದನ್ನು ತೊಳೆದು, ಹಿತಮಿತವಾಗಿ ಉಂಡರೆ ಕಾಯಕಕ್ಕೆ ಬಲ ಬರುತ್ತದೆ. ಬಾಗಿಲು ಕಾಯುವ ಮೂಕಜೀವಕ್ಕೂ ಅದರ ದೇಹಕ್ಕೆ ಒಪ್ಪುವುದನ್ನು ಅರಿತು ನೀಡಿದರೆ ಅದೂ ದಾಸೋಹವೇ ಆಗುತ್ತದೆ. ಸದ್ಭಕ್ತರು ಈ ವಿವೇಕದಿಂದ ನಡೆದು, ಮನೆಮಂದಿಯೊಡನೆ ಆರೋಗ್ಯವಂತರಾಗಿ ಬಾಳಲೆಂದು ಹಾರೈಸುತ್ತೇವೆ.