ಗುರಿ ಮುಟ್ಟಿದ ಯೋಜನೆಗಳು, ಕೆಳಗಿಳಿದ ನೀರು

ಕೋಲಾರ–ಚಿಕ್ಕಬಳ್ಳಾಪುರ ಕಡೆ ನೀರಿನ ಕೆಲಸದಲ್ಲಿ ಓಡಾಡಿದವರಿಗೆ ಒಂದು ವಿಚಿತ್ರ ಗೊತ್ತು. ಕಡತಗಳಲ್ಲಿ ಒಂದೊಂದು ಇಲಾಖೆಯೂ ತನ್ನ ಗುರಿ ಮುಟ್ಟಿರುತ್ತದೆ. ಅಂತರ್ಜಲ ಮಾತ್ರ ಪಾತಾಳದಲ್ಲಿರುತ್ತದೆ. ಅಲ್ಲಿ ಕಲಿತ ಕೆಲವು ಪಾಠಗಳು ಇವು.

1. ತಪ್ಪಿತಸ್ಥರನ್ನಲ್ಲ, ಸುತ್ತನ್ನು ಹುಡುಕಿ. ಬಾವಿ ಬತ್ತಿತು, ಬೋರ್ ಕೊರೆಸಿದರು. ಅದೂ ಬತ್ತಿತು, ಇನ್ನೂ ಆಳಕ್ಕೆ ಕೊರೆಸಿದರು. ಸಾಲ ಏರಿತು. ಸಾಲ ತೀರಿಸಲು ಟೊಮೆಟೊ, ಹಿಪ್ಪುನೇರಳೆ, ಹಸುಗಳಿಗೆ ಸೀಮೆಹುಲ್ಲು: ಬೇಗ ದುಡ್ಡು ತರುವ, ಬಿಡದೆ ನೀರು ಕೇಳುವ ಬೆಳೆಗಳು. ಮತ್ತೆ ಬೋರ್. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ, ಹಾಗಾಗಿ ಎತ್ತುವವರ ಕೈ ತಡೆಯುವ ಬಿಲ್ಲೂ ಇಲ್ಲ. ರೈತರನ್ನು ದೂರುವವರು ಒಮ್ಮೆ ಅವರ ಹೊಲದ ಬದುವಿನ ಮೇಲೆ ನಿಂತು ಯೋಚಿಸಲಿ. ನಾನು ಬಿಟ್ಟ ನೀರನ್ನು ಪಕ್ಕದವನು ಎತ್ತುವುದು ಖಚಿತವಾಗಿರುವಾಗ ಬಿಡುವುದು ಯಾಕೆ?

2. ಉಳಿಸಿದ್ದು ಎಲ್ಲಿಗೆ ಹೋಯಿತೆಂದು ಕೇಳಿ. ಹನಿ ನೀರಾವರಿ ಬಂದು ಎಕರೆಗೆ ಬೇಕಾದ ನೀರು ಕಡಿಮೆಯಾಯಿತು. ಉಳಿದದ್ದು ನೆಲದಲ್ಲಿ ಉಳಿಯದೆ, ಬೀಳುಬಿಟ್ಟ ಇನ್ನೊಂದು ತುಂಡು ಜಮೀನಿಗೆ ಹರಿಯಿತು. ಹನಿ ನೀರಾವರಿ ಬೇಡ ಎನ್ನುತ್ತಿಲ್ಲ. ಎತ್ತುವುದಕ್ಕೆ ಮಿತಿಯಿಲ್ಲದ ಕಡೆ ಅದು ಸಾಗುವಳಿ ಹೆಚ್ಚಿಸುವ ಯೋಜನೆ, ನೀರುಳಿಸುವ ಯೋಜನೆಯಲ್ಲ.

3. ಪರಿಣಾಮ ತಡವಾಗಿ ಬರುತ್ತದೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ನೀಲಗಿರಿ ಹಬ್ಬಿತು. ಅಂತರ್ಜಲ ಹೀರುವ ಈ ಮರವನ್ನು ಹೊಸದಾಗಿ ನೆಡಬಾರದೆಂದು ಸರ್ಕಾರ ಹೇಳಿದ್ದು 2017ರಲ್ಲಿ.

4. ಒಳಹರಿವಿನ ಮೂಲ ಎಲ್ಲಿದೆಯೆಂದು ನೋಡಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದ ಕಡೆ ಬೋರ್‌ಗಳಿಗೆ ಜೀವ ಬಂತು, ನಿಜ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂಬ ಜನರ ಒತ್ತಾಯವೂ ನ್ಯಾಯವೇ. ಆದರೆ ಆ ಕೊಳಚೆಯ ದೊಡ್ಡ ಪಾಲು ಬೆಂಗಳೂರಿಗೆ ಪಂಪ್ ಮಾಡಿದ ಕಾವೇರಿ. ಅಂದರೆ ಕೊಡಗಿನ ಮಳೆ ಕೈಕೊಟ್ಟರೆ ಅದರ ಬಿಸಿ ಈಗ ಪಾಲಾರ್ ಕಣಿವೆಯ ಟೊಮೆಟೊ ತೋಟಕ್ಕೂ ತಟ್ಟುತ್ತದೆ. ಈ ನಂಟು ಯಾವ ಇಲಾಖೆಯ ನಕ್ಷೆಯಲ್ಲೂ ನನಗೆ ಕಂಡಿಲ್ಲ.

5. ಅಂಕಿಗಿಂತ ನಿಯಮ ದೊಡ್ಡದು. ವ್ಯವಸ್ಥಾ ಚಿಂತನೆಯ ಹಿರಿಯರಲ್ಲಿ ಒಬ್ಬರಾದ ಡೊನೆಲ್ಲಾ ಮೆಡೋಸ್ 1999ರ ಪ್ರಬಂಧವೊಂದರಲ್ಲಿ, ಸಬ್ಸಿಡಿ–ತೆರಿಗೆಯ ಪ್ರಮಾಣ ತಿದ್ದುವುದನ್ನು ವ್ಯವಸ್ಥೆಯನ್ನು ಬದಲಿಸುವ ತೀರಾ ದುರ್ಬಲ ಹಿಡಿಕೆಗಳ ಸಾಲಿಗೆ ಸೇರಿಸಿ, ನಿಯಮ ಮತ್ತು ಗುರಿಗಳನ್ನು ಅದಕ್ಕಿಂತ ಬಹಳ ಮೇಲಿಟ್ಟರು. ನಮ್ಮ ಸಭೆಗಳಲ್ಲಿ ಸಬ್ಸಿಡಿ ಶೇಕಡಾ ಎಷ್ಟು ಎನ್ನುವುದರಲ್ಲೇ ಊಟದ ಹೊತ್ತಾಗುತ್ತದೆ! ಕೆರೆಯ ಕಾಲದಲ್ಲಿ ತೂಬು ಎತ್ತುವ ಅಧಿಕಾರ ನೀರುಗಂಟಿಗಿತ್ತು, ಯಾರ ಗದ್ದೆಗೆ ಯಾವಾಗ ಎಂಬುದಕ್ಕೆ ಊರಿನ ಕಟ್ಟಳೆಯಿತ್ತು. (ಆ ಕಟ್ಟಳೆ ಎಲ್ಲ ಜಾತಿಗೂ ನ್ಯಾಯವಾಗಿತ್ತೆಂದು ಯಾರೂ ಹೇಳಲಾರರು.) ಬೋರ್‌ವೆಲ್‌ಗೆ ನೀರುಗಂಟಿ ಇಲ್ಲ. 2011ರ ಅಂತರ್ಜಲ ಕಾಯ್ದೆ ಕೊರೆಯಲು ಅನುಮತಿ ಕೇಳುತ್ತದೆ. ಕೊರೆದ ಮೇಲೆ ದಿನಕ್ಕೆ ಎಷ್ಟು ಎತ್ತುತ್ತೀರಿ ಎಂದು ಹಳ್ಳಿಯಲ್ಲಿ ಕೇಳುವವರಿಲ್ಲ.

ಜಿಲ್ಲಾ ಮಟ್ಟದಲ್ಲಿ ಕೆಲಸ ಮಾಡುವವರಲ್ಲಿ ಒಂದು ಕೋರಿಕೆ. ಮುಂದಿನ ಸಭೆಗೆ ತೋಟಗಾರಿಕೆ, ರೇಷ್ಮೆ, ಬೆಸ್ಕಾಂ, ಅಂತರ್ಜಲ ಇಲಾಖೆಯವರನ್ನು ಒಟ್ಟಿಗೆ ಕೂರಿಸಿ. ಎಷ್ಟು ಹಣ ಖರ್ಚಾಯಿತು ಎಂದು ಕೇಳುವ ಮೊದಲು, ಈ ವರ್ಷ ನಿಮ್ಮ ಯೋಜನೆಯಿಂದ ನೆಲದೊಳಗಿನ ಎಷ್ಟು ನೀರು ಮೇಲೆ ಬರುತ್ತದೆ ಎಂದು ಒಬ್ಬೊಬ್ಬರನ್ನೂ ಕೇಳಿ.