ಕಾಫಿ ತೋಟದ ಹಳೆಯ ಜೀಪು: ಮನೆಯಲ್ಲೇ ಆರೈಕೆ ಮತ್ತು ಸುಧಾರಣೆ

ಭಾರತದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ಕೊಡಗು. ರೈಲು ಮಾರ್ಗವಿಲ್ಲದ ಈ ಜಿಲ್ಲೆಯಲ್ಲಿ ಗೊಬ್ಬರ, ಸುಣ್ಣ, ಮೈಲುತುತ್ತ, ಪಂಪ್‌ಸೆಟ್ಟಿನ ಡೀಸೆಲ್, ಕೊಯ್ದ ಹಣ್ಣು ಎಲ್ಲವೂ ರಸ್ತೆಯ ಮೇಲೆಯೇ ಸಾಗಬೇಕು. ಅನೇಕ ತೋಟಗಳಿಗೆ ಲಾರಿ ಬರುವುದು ಡಾಂಬರು ರಸ್ತೆಯ ತನಕ ಮಾತ್ರ. ಅಲ್ಲಿಂದ ಕಣದವರೆಗಿನ ಕೆಮ್ಮಣ್ಣಿನ ಏರುದಾರಿಯಲ್ಲಿ ಕೆಲಸಕ್ಕೆ ಒದಗುವುದು ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹರಿಯುವ ಜೀಪು. ಮಹೀಂದ್ರ ಸಂಸ್ಥೆಯು 1947ರಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ನಮ್ಮ ದೇಶದಲ್ಲಿ ಆರಂಭಿಸಿತು. ಅನಂತರ ಬಂದ ಸಿ.ಜೆ. 3ಬಿ, 1980ರ ದಶಕದ ಎಂ.ಎಂ. 540 ಮುಂತಾದ ಮಾದರಿಗಳು ಇಂದಿಗೂ ತೋಟಗಳಲ್ಲಿ ದುಡಿಯುತ್ತಿವೆ.

ಮಳೆಗಾಲದಲ್ಲಿ ಲೈನ್ ಮನೆಯಿಂದ ರೋಗಿಯನ್ನೋ ಗರ್ಭಿಣಿಯನ್ನೋ ಆಸ್ಪತ್ರೆಗೆ ಸೇರಿಸುವುದೂ ಇದೇ ವಾಹನ. 2018ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದಾಗ, ಓಡುವ ಸ್ಥಿತಿಯಲ್ಲಿರುವ ವಾಹನದ ಬೆಲೆ ಏನೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ಹಳೆಯ ಜೀಪನ್ನು ಕೆಡಿಸುವುದು ಅದರ ವಯಸ್ಸಿಗಿಂತ ಹೆಚ್ಚಾಗಿ ನೀರು, ಕೆಸರು ಮತ್ತು ಅಲಕ್ಷ್ಯ. ಎಲೆ ತುಕ್ಕು ರೋಗ ಬಾರದಂತೆ ಮುಂಗಾರಿಗೆ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸುವ ಬೆಳೆಗಾರರು ವಾಹನದ ಆರೈಕೆಯನ್ನೂ ಹೀಗೆಯೇ ಕಾಲಕ್ಕೆ ಹೊಂದಿಸಿಕೊಂಡರೆ ಹೆಚ್ಚಿನ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಕೆಲಸಕ್ಕೆ ತೊಡಗುವ ಮುನ್ನ

ಜ್ಯಾಕಿನ ಆಧಾರವೊಂದನ್ನೇ ನಂಬಿ ಯಾರೂ ಜೀಪಿನ ಕೆಳಗೆ ಹೋಗಕೂಡದು. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು ಅಥವಾ ದಪ್ಪ ಮರದ ದಿಮ್ಮಿಗಳನ್ನು ಕೊಡಬೇಕು.

ಹಳೆಯ ಜೀಪುಗಳ ವಿಷಯದಲ್ಲಿ ಇನ್ನೊಂದು ಅಪಾಯವುಂಟು. ಇವುಗಳಲ್ಲಿ ಅನೇಕ ಜೀಪುಗಳ ಕೈಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಗೇರು ಪೆಟ್ಟಿಗೆಯ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಿದ ಕೂಡಲೇ ಡಿಫರೆನ್ಷಿಯಲ್ ಆ ಚಕ್ರವನ್ನು ಹಿಮ್ಮುಖವಾಗಿ ತಿರುಗಲು ಬಿಡುತ್ತದೆ. ನೆಲದ ಮೇಲಿರುವ ಚಕ್ರವೂ ಉರುಳಬಲ್ಲದು. ಕೈಬ್ರೇಕು ಎಳೆದಿದ್ದರೂ ಜೀಪು ಜಾರಲು ಇದೇ ಕಾರಣ. ಆದ್ದರಿಂದ ಉಳಿದ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಗಲ್ಲು ಕೊಟ್ಟ ಮೇಲೆಯೇ ಚಕ್ರ ಎತ್ತತಕ್ಕದ್ದು.

ಮುಂಗಾರಿಗೆ ಮುನ್ನ: ಬ್ರೇಕು

ಮೇ ತಿಂಗಳಲ್ಲಿ ಮೊದಲು ನೋಡಬೇಕಾದದ್ದು ಎಂಜಿನ್ನಲ್ಲ, ಬ್ರೇಕು. ಏರಲಾಗದ ಜೀಪು ನಿಂತಲ್ಲೇ ನಿಲ್ಲುತ್ತದೆ. ನಿಲ್ಲಲಾಗದ ಜೀಪು ಜನರನ್ನು ಬಲಿ ತೆಗೆದುಕೊಳ್ಳುತ್ತದೆ.

1. ಪೆಡಲು ಸ್ಪಂಜಿನಂತೆ ಮೆದುವಾಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ ಎಂದು ತಿಳಿಯಬೇಕು. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತ ಹೋದರೆ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ, ಇಲ್ಲವೇ ಎಲ್ಲಿಯೋ ಸೋರುತ್ತಿದೆ.

2. ನಾಲ್ಕೂ ಡ್ರಮ್ಮುಗಳನ್ನು ಬಿಚ್ಚಿ ಲೈನಿಂಗಿನ ದಪ್ಪ ನೋಡಬೇಕು. ಚಕ್ರದ ಸಿಲಿಂಡರಿನ ರಬ್ಬರು ಟೋಪಿಯ ಅಂಚನ್ನು ಸರಿಸಿದಾಗ ತೇವ ಕಂಡರೆ ಸಿಲಿಂಡರು ಸೋರುತ್ತಿದೆ ಎಂದರ್ಥ. ಎಣ್ಣೆ ಹೀರಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ರೂಢಿ ತಪ್ಪು. ಎಣ್ಣೆ ಸೋರುವ ಸೀಲನ್ನೂ ಲೈನಿಂಗನ್ನೂ ಒಟ್ಟಿಗೆ ಬದಲಿಸಬೇಕು.

3. ಬ್ರೇಕು ದ್ರವವು ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ದ್ರವವು ಉದ್ದನೆಯ ಇಳಿಜಾರಿನಲ್ಲಿ ಕಾದು ಕುದಿದರೆ ಆವಿಯ ಗುಳ್ಳೆಗಳುಂಟಾಗಿ ಪೆಡಲು ಒಮ್ಮೆಲೇ ಪೊಳ್ಳಾಗುತ್ತದೆ. ಕೊಡಗಿನಂತಹ ಒದ್ದೆ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಹೊಸ ದ್ರವ ತುಂಬುವುದು ಅವಶ್ಯಕ.

4. ಗಾಳಿ ತೆಗೆಯಲು ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸಿ, ಒಬ್ಬರು ಪೆಡಲು ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಬೇಕು. ಪೆಡಲು ಬಿಡುವ ಮುನ್ನವೇ ಬಿಗಿಯಬೇಕು. ಗುಳ್ಳೆ ಬರುವುದು ನಿಲ್ಲುವವರೆಗೂ ಹೀಗೆ ಮಾಡುತ್ತ, ಮಾಸ್ಟರ್ ಸಿಲಿಂಡರು ಬರಿದಾಗದಂತೆ ನೋಡಿಕೊಳ್ಳಬೇಕು.

ಬ್ರೇಕಿನ ಕೆಲಸದಲ್ಲಿ ಅನುಭವವಿಲ್ಲದವರು ಮೊದಲ ಸಲ ಮೆಕ್ಯಾನಿಕ್ ಒಬ್ಬರ ಎದುರಿನಲ್ಲಿ ಮಾಡುವುದು ಒಳ್ಳೆಯದು.

ಮಳೆಗಾಲದಲ್ಲಿ: ನೀರು

ತುಂಬಿ ಹರಿಯುವ ತೋಡನ್ನು ದಾಟುವ ಸಾಹಸ ಬೇಡ. ಕಡಿಮೆ ನೀರಿರುವ ತೋಡನ್ನು ದಾಟಿದ ಮೇಲೆ ಸ್ವಲ್ಪ ದೂರ ನಿಧಾನವಾಗಿ ಸಾಗುತ್ತ ಬ್ರೇಕನ್ನು ಹಗುರವಾಗಿ ಒತ್ತಬೇಕು. ಆಗ ಲೈನಿಂಗ್ ಬಿಸಿಯಾಗಿ ಒಣಗುತ್ತದೆ. ನೀರಿನಲ್ಲಿ ಎಂಜಿನ್ ತಾನಾಗಿ ನಿಂತರೆ ಮತ್ತೆ ಸ್ಟಾರ್ಟು ಮಾಡಕೂಡದು. ಸಿಲಿಂಡರಿನೊಳಗೆ ನೀರು ಹೊಕ್ಕಿದ್ದರೆ ಅದು ಒತ್ತಡಕ್ಕೆ ಕುಗ್ಗದ ಕಾರಣ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಜೀಪನ್ನು ಹೊರಗೆಳೆದು, ಡೀಸೆಲ್ ಎಂಜಿನ್ನಾದರೆ ಇಂಜೆಕ್ಟರುಗಳನ್ನೂ ಪೆಟ್ರೋಲ್ ಎಂಜಿನ್ನಾದರೆ ಪ್ಲಗ್ಗುಗಳನ್ನೂ ಬಿಚ್ಚಿ, ಎಂಜಿನ್ ತಿರುಗಿಸಿ ನೀರು ಹೊರಹಾಕಿದ ನಂತರವೇ ಮುಂದಿನ ಮಾತು.

ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರಾಟದ ರಂಧ್ರ ಹಾಗೂ ಸೀಲುಗಳ ಮೂಲಕ ನೀರನ್ನು ಒಳಕ್ಕೆಳೆಯುತ್ತದೆ. ಆದುದರಿಂದ ಹೀಗೆ ನೀರಿಗಿಳಿದ ವಾರದಲ್ಲೇ ಡಿಫರೆನ್ಷಿಯಲ್ ಎಣ್ಣೆಯನ್ನು ಪರೀಕ್ಷಿಸಬೇಕು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಪೂರ್ತಿ ಬಸಿದು ಹೊಸ ಎಣ್ಣೆ ಹಾಕಬೇಕು.

ಡೀಸೆಲ್ ಟ್ಯಾಂಕನ್ನು ರಾತ್ರಿ ಖಾಲಿ ಬಿಟ್ಟರೆ ಒಳಗಿನ ತೇವದ ಗಾಳಿ ತಣಿದು ನೀರಾಗಿ ತಳಕ್ಕಿಳಿಯುತ್ತದೆ. ಸಂಜೆಯೇ ಟ್ಯಾಂಕು ತುಂಬಿಸಿ, ಫಿಲ್ಟರಿನ ತಳದ ತಿರುಪನ್ನು ವಾರಕ್ಕೊಮ್ಮೆ ಸಡಿಲಿಸಿ ನೀರು ಬಸಿಯುವುದು ಕ್ಷೇಮ.

ಮಳೆ ನಿಂತ ಮೇಲೆ: ಗ್ರೀಸು, ಎಣ್ಣೆ, ತುಕ್ಕು

ಅಕ್ಟೋಬರ್, ನವೆಂಬರ್ ತಿಂಗಳು ದೊಡ್ಡ ಆರೈಕೆಗೆ ತಕ್ಕ ಕಾಲ. ಕೊಯ್ಲು ಬಿರುಸಾದ ಮೇಲೆ ಬಿಡುವು ಸಿಗದು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳು, ಸ್ಟೇರಿಂಗ್ ಜೋಡಣೆಗಳು, ಸ್ಪ್ರಿಂಗ್ ಪಟ್ಟಿಗಳ ಶ್ಯಾಕಲ್ಲುಗಳು, ಇವುಗಳಲ್ಲಿ ನಿಪ್ಪಲ್ ಇರುವ ಕಡೆಯಲ್ಲೆಲ್ಲ ಹಳೆಯ ಕೊಳಕು ಗ್ರೀಸು ಹೊರಬಂದು ಹೊಸತು ಕಾಣುವವರೆಗೂ ಗನ್ನಿನಿಂದ ಗ್ರೀಸು ತುಂಬಬೇಕು. ಎಂಜಿನ್, ಗೇರು ಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸ್ ಹಾಗೂ ಎರಡು ಡಿಫರೆನ್ಷಿಯಲ್‌ಗಳ ಎಣ್ಣೆಯನ್ನು ಕೈಪಿಡಿಯಲ್ಲಿ ಹೇಳಿದ ದರ್ಜೆಯಲ್ಲೇ ಬಳಸಬೇಕು. ಮುಂದಿನ ಚಕ್ರವನ್ನೆತ್ತಿ ಮೇಲೆ ಕೆಳಗೆ ಅಲುಗಿಸಿದಾಗ ಸಡಿಲ ಕಂಡರೆ ಬೇರಿಂಗ್ ಅಥವಾ ಕಿಂಗ್‌ಪಿನ್ ಸವೆದಿರುತ್ತದೆ.

ತುಕ್ಕಿನ ವಿಷಯದಲ್ಲಿ ಬೆಳೆಗಾರರು ವಿಶೇಷ ಗಮನ ಕೊಡಬೇಕು. ಮೈಲುತುತ್ತದ ದ್ರಾವಣ ಕಬ್ಬಿಣದ ಮೇಲೆ ಬಿದ್ದರೆ ತಾಮ್ರ ಕೂತು ಕಬ್ಬಿಣ ಕರಗುತ್ತದೆ. ಪೊಟ್ಯಾಷ್ ಗೊಬ್ಬರವು ಕ್ಲೋರೈಡ್ ಲವಣವಾದ್ದರಿಂದ ತೇವದಲ್ಲಿ ಲೋಹವನ್ನು ಬೇಗ ತಿನ್ನುತ್ತದೆ. ಗೊಬ್ಬರದ ಚೀಲಗಳನ್ನು ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು ಸಾಗಿಸಿ, ಅದೇ ದಿನ ಜೀಪಿನ ನೆಲವನ್ನು ತೊಳೆಯಬೇಕು. ನೆಲದ ನೀರು ಹರಿಯುವ ರಂಧ್ರಗಳು ಕೆಸರಿನಿಂದ ಮುಚ್ಚಿರಬಾರದು. ಚಾಸಿಯ ಪದರವೆದ್ದ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು, ಒಣಗಿಸಿ, ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಹಚ್ಚಬೇಕು. ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಟೊಳ್ಳು ಸದ್ದು ಬಂದರೆ ಅಥವಾ ಬಿರುಕು ಕಂಡರೆ ಅದು ಬಣ್ಣದಿಂದ ತೀರುವ ಕೆಲಸವಲ್ಲ, ಬೆಸುಗೆಯ ಕೆಲಸ. ಸ್ಪ್ರಿಂಗ್ ಜೋಡಿಸುವ ಜಾಗಗಳನ್ನು ಮೊದಲು ನೋಡಬೇಕು. ತುಕ್ಕು ತಡೆಯಲೆಂದು ಕೆಳಭಾಗಕ್ಕೆಲ್ಲ ಹಳೆಯ ಎಣ್ಣೆ ಎರಚುವುದು ತರವಲ್ಲ. ಅದು ರಬ್ಬರು ಬುಷ್ಷುಗಳನ್ನು ಕೆಡಿಸುತ್ತದೆ, ಬ್ರೇಕಿಗೂ ತಗಲುತ್ತದೆ.

ಬೇಸಿಗೆಯಲ್ಲಿ: ಧೂಳು ಮತ್ತು ಶಾಖ

ಕೊಯ್ಲಿನ ಕಾಲದ ಕೆಂಧೂಳು ಎಂಜಿನ್ನಿನ ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ. ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇದ್ದರೆ ಅದರ ತಳದಲ್ಲಿ ಕೆಸರು ನಿಂತ ಕೂಡಲೇ ತೊಳೆದು, ಗುರುತಿನವರೆಗೆ ಮಾತ್ರ ಎಣ್ಣೆ ಹಾಕಬೇಕು. ರೇಡಿಯೇಟರಿನ ಸಂದುಗಳಲ್ಲಿ ಒಣಗಿದ ಕೆಸರನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಹದವಾಗಿ ನೀರು ಹಾಯಿಸಿ ತೆಗೆಯಬೇಕು. ಬಿಸಿಯಿರುವಾಗ ಮುಚ್ಚಳ ತೆರೆಯಬಾರದು.

ನಾಲ್ಕು ಚಕ್ರದ ಚಾಲನೆಯ ಬಳಕೆ

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಈ ಜೀಪುಗಳಲ್ಲಿ ಎರಡು ಆಕ್ಸಲ್‌ಗಳ ನಡುವೆ ಆ ವ್ಯತ್ಯಾಸವನ್ನು ಸರಿದೂಗಿಸುವ ವ್ಯವಸ್ಥೆಯಿಲ್ಲ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರುವುದರಿಂದ ತೊಂದರೆಯಾಗದು. ಒಣ ಡಾಂಬರಿನಲ್ಲಿ ಹಲ್ಲುಗಳ ಮೇಲೆ ಎಳೆತ ಬಿದ್ದು ಶಾಫ್ಟು, ಟೈರು ಕೆಡುತ್ತವೆ. ಆದ್ದರಿಂದ ಡಾಂಬರಿಗೆ ಬಂದ ಕೂಡಲೇ ಮುಂದಿನ ಚಾಲನೆಯನ್ನು ಬಿಡಿಸಬೇಕು. ಕಡಿದಾದ ಇಳಿತಕ್ಕೆ ಮೇಲಿನಿಂದಲೇ ಲೋ ಗೇರು ಹಾಕಿ ಎಂಜಿನ್ನಿನ ಹಿಡಿತದಲ್ಲಿ ಇಳಿಯಬೇಕು. ಮಧ್ಯದಲ್ಲಿ ಕ್ಲಚ್ಚು ಒತ್ತಬಾರದು.

ಸುಧಾರಣೆ: ಯಾವುದು ಮೊದಲು?

ಮೂಲ ಭಾಗಗಳೆಲ್ಲ ಸುಸ್ಥಿತಿಗೆ ಬಂದ ಮೇಲೆಯೇ ಸುಧಾರಣೆಗೆ ಹಣ ಹಾಕಬೇಕು. ಕಡಿಮೆ ವೆಚ್ಚದಲ್ಲಿ ಹೆಚ್ಚು ಪ್ರಯೋಜನ ಕೊಡುವವು ಇವು:

1. ಆಕ್ಸಲ್‌ಗಳ ಉಸಿರಾಟದ ರಂಧ್ರಕ್ಕೆ ರಬ್ಬರು ಕೊಳವೆ ಜೋಡಿಸಿ, ಅದರ ತುದಿಯನ್ನು ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟುವುದು. ಇದು ಮನೆಯಲ್ಲೇ ಆಗುವ ಕೆಲಸ.

2. ಒಂದೇ ಮಾರ್ಗದ ಬ್ರೇಕಿರುವ ಜೀಪಿನಲ್ಲಿ ಒಂದು ಕಡೆ ಕೊಳವೆ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಹೋಗುತ್ತದೆ. ಮುಂದೆ, ಹಿಂದೆ ಪ್ರತ್ಯೇಕ ಮಾರ್ಗವಿರುವ ಜೋಡಿ ಮಾಸ್ಟರ್ ಸಿಲಿಂಡರನ್ನು ನುರಿತ ಮೆಕ್ಯಾನಿಕ್‌ನಿಂದ ಹಾಕಿಸುವುದು ಉತ್ತಮ.

3. ಹಳೆಯ ಡೈನಮೋ ನಿಧಾನ ಓಟದಲ್ಲಿ ಸಾಕಷ್ಟು ವಿದ್ಯುತ್ ಕೊಡದು. ಮಳೆಯಲ್ಲಿ ದೀಪ, ವೈಪರ್ ಎರಡನ್ನೂ ಬಳಸುತ್ತ ಲೋ ಗೇರಿನಲ್ಲಿ ಸಾಗಿದರೆ ಬ್ಯಾಟರಿ ಇಳಿಯುತ್ತದೆ. ಆಲ್ಟರ್ನೇಟರ್ ಈ ಕೊರತೆಯನ್ನು ನೀಗಿಸುತ್ತದೆ.

4. ಸೀಟು ಬೆಲ್ಟು ಮತ್ತು ಹಿಂಬದಿಗೆ ಬೆಳಕು ಪ್ರತಿಫಲಿಸುವ ಪಟ್ಟಿ. ಮಂಜು ಕವಿಯುವ ಘಟ್ಟದ ರಸ್ತೆಯಲ್ಲಿ ಇವು ಅಗತ್ಯ.

ಇದಕ್ಕೆ ವ್ಯತಿರಿಕ್ತವಾಗಿ, ಸಿ.ಜೆ. 3ಬಿ ಜೀಪಿನ 6.00–16 ಅಳತೆಯ ಟೈರಿನ ಬದಲು ಭಾರೀ ಟೈರು ಹಾಕಿದರೆ ನೋಟಕ್ಕೆ ಚೆನ್ನ. ಆದರೆ ಸ್ಟೇರಿಂಗ್, ಆಕ್ಸಲ್ ಹಾಗೂ ಬ್ರೇಕಿನ ಮೇಲೆ ಹೊರೆ ಹೆಚ್ಚುತ್ತದೆ.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಪ್ರಕರಣದ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲಾಗದು. ಎಂಜಿನ್ ಬದಲಾವಣೆಗೆ ಸಾರಿಗೆ ಕಚೇರಿಯ ಅನುಮತಿ ಬೇಕು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಪ್ರಕರಣವನ್ನು ಎತ್ತಿಹಿಡಿದಿದೆ. ಹದಿನೈದು ವರ್ಷ ಕಳೆದ ಖಾಸಗಿ ಜೀಪಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದುದರಿಂದ ಇಂಥ ಬದಲಾವಣೆಗಳು ತಪಾಸಣೆಯಲ್ಲಿ ಸಿಕ್ಕಿಬೀಳುತ್ತವೆ.

ಬಸಿದ ಎಣ್ಣೆ

ಬಸಿದ ಎಣ್ಣೆಯನ್ನು ಗಿಡದ ಬುಡಕ್ಕೋ ತೋಡಿಗೋ ಚೆಲ್ಲಕೂಡದು. ಎಣ್ಣೆ ಹೀರಿದ ಮಣ್ಣಿನಲ್ಲಿ ನೀರು, ಗಾಳಿ ಸರಿಯಾಗಿ ಆಡುವುದಿಲ್ಲ. ಬೇರಿಗೂ ಮಣ್ಣಿನ ಜೀವಿಗಳಿಗೂ ಹಾನಿ. ಕೊಡಗಿನ ಬಹುಪಾಲು ತೋಡುಗಳು ಸೇರುವುದು ಕಾವೇರಿಯನ್ನು. ಎಣ್ಣೆಯನ್ನು ಡಬ್ಬದಲ್ಲಿ ಶೇಖರಿಸಿ, ಹಳೆಯ ಎಣ್ಣೆ ಕೊಳ್ಳುವ ವರ್ಕ್‌ಶಾಪಿಗೆ ಒಪ್ಪಿಸಬೇಕು.

ತೋಟದ ದಿನಚರಿ ಪುಸ್ತಕದಲ್ಲಿ ಜೀಪಿಗೂ ಒಂದು ಪುಟವಿರಲಿ. ಎಣ್ಣೆ ಬದಲಿಸಿದ ದಿನ, ಬ್ರೇಕು ನೋಡಿದ ದಿನ, ಓಡಿದ ಕಿಲೋಮೀಟರು, ಇಷ್ಟನ್ನು ಬರೆದಿಟ್ಟರೆ ಸಾಕು. ಮೇ ತಿಂಗಳಲ್ಲಿ ಬ್ರೇಕು, ಮಳೆಯಲ್ಲಿ ನೀರು, ಮಳೆ ಕಳೆದ ಮೇಲೆ ಗ್ರೀಸು ಮತ್ತು ತುಕ್ಕು, ಕೊಯ್ಲಿನಲ್ಲಿ ಧೂಳು ಎಂಬ ಕ್ರಮವನ್ನು ತಪ್ಪದೆ ಅನುಸರಿಸಿದರೆ, ಜುಲೈ ತಿಂಗಳ ನಡುರಾತ್ರಿ ಲೈನ್ ಮನೆಯಿಂದ ಕರೆ ಬಂದಾಗಲೂ ಹಳೆಯ ಜೀಪು ಹೊರಡಲು ಸಿದ್ಧವಾಗಿರುತ್ತದೆ.